ಹೇಮಾವತಿ ಹೊಳೆಯು ಗಟ್ಟಿಯಾಗತಕ್ಕದ್ದಲ್ಲ ಎಂಬ ಬಗ್ಗೆ

ಪರಸ್ಥಳದವರ ತಪಾಸಣಾ ಕಚೇರಿ
ನಾಗಮಂಗಲ ಕಸಬೆ

ಸುತ್ತೋಲೆ ಸಂಖ್ಯೆ: ಪತಕ/ಹೊಳೆ/ಗಟ್ಟಿ/ಕೀಲಕ
ಮಿತಿ: ಕೀಲಕ ಸಂವತ್ಸರದ ಮಾಘ ಶುದ್ಧ ಪಂಚಮಿ

ವಿಷಯ: ಅಂದ್ರಯ್ಯ ಎಂಬ ಪರದೇಶಿ ಬೋಧಕನು ತನ್ನ ಸೀಮೆಯಲ್ಲಿ ಚಳಿಗಾಲಕ್ಕೆ ಹೊಳೆ ಗಟ್ಟಿಯಾಗುತ್ತದೆಂದು ಹೇಳಿದ್ದು, ಅಕ್ಕಿಹೆಬ್ಬಾಳಿನ ಪ್ರಜೆಗಳು ಅದನ್ನು ನಂಬಿದ್ದು, ಇನ್ನು ಮುಂದೆ ಯಾರೂ ಹೇಳದಂತೆ, ಯಾರೂ ನಂಬದಂತೆ ಮತ್ತು ಹೊಳೆಯೂ ಹಾಗೆ ಮಾಡದಂತೆ ಕ್ರಮ ವಹಿಸುವ ಬಗ್ಗೆ.

ಉಲ್ಲೇಖ: ೧. ಅಕ್ಕಿಹೆಬ್ಬಾಳಿನ ಪಟೇಲ ಶಿವಲಿಂಗಯ್ಯನವರ ದೂರು.
೨. ಸದರಿ ದೂರನ್ನು ದಯಮಾಡಿ ಮರೆತುಬಿಡಬೇಕೆಂದು ಅದೇ ಶಿವಲಿಂಗಯ್ಯನವರು ಮಾಡಿಕೊಂಡ ಅರಿಕೆ (ಪರಿಗಣಿಸಿಲ್ಲ).

ಅತ್ತಿಗುಪ್ಪೆ, ಹಿರೋಡೆ, ನಾಗಮಂಗಲ ಹಾಗೂ ಪಟ್ಟಣದ ಸುತ್ತಲಿನ ಎಲ್ಲ ಪಟೇಲರು, ಶಾನುಭೋಗರು, ತಳವಾರರು, ಹರಿಗೋಲಿನವರು ಮತ್ತು ಬುದ್ಧಿ ಹೇಳಿಸಿಕೊಳ್ಳುವ ಅಗತ್ಯವಿರುವ ಸಮಸ್ತ ಪ್ರಜೆಗಳ ಅರಿವಿಗೆ ತರಲಾಗುತ್ತಿರುವುದೇನೆಂದರೆ:

೧. ಹೋದ ಮಳೆಗಾಲದ ಕೊನೆಗೆ ಕೆಂಪು ಗಡ್ಡದ ಪರದೇಶಿಯೊಬ್ಬನು ಕಾಲ್ನಡಿಗೆಯಲ್ಲಿ ಅಕ್ಕಿಹೆಬ್ಬಾಳಿಗೆ ಬಂದು ಸೇರಿದನು. ಸಮುದ್ರದಾಚೆಯ ಬಡಗಣ ಸೀಮೆಯವನು. ಆತನ ಹೆಸರು ಆಂಡ್ರಿಯಾಸ್ ಎಂದಿದ್ದು, ಊರಿನವರ ನಾಲಿಗೆಗೆ ಹೊರಳದ ಕಾರಣ ಅಂದ್ರಯ್ಯ ಎಂದು ತಿದ್ದಲಾಗಿದೆ. ತನ್ನ ದೇವರ ಸಂಗತಿಯನ್ನು ಮನೆಮನೆಗೂ ಹೋಗಿ ಹೇಳುವುದು ಆತನ ಕಸುಬು. ಕುಂಪಣಿಯ ಬೇಹುಗಾರನಿರಬಹುದೇ ಎಂದು ಈ ಕಚೇರಿಯು ಆಗಲೇ ಪರಿಶೀಲಿಸಿ, ಕುಂಪಣಿಯವರಿಗೆ ಇರಬೇಕಾದ ಕುದುರೆ, ಕೊಡೆ, ಕೋಪ ಇವು ಯಾವುವೂ ಆತನಲ್ಲಿ ಕಂಡುಬಾರದ್ದರಿಂದ ಅಲ್ಲವೆಂದು ತೀರ್ಮಾನಿಸಿತ್ತು. ಆತನಿಗೆ ಇಳಿದುಕೊಳ್ಳಲು ಕೊಟ್ಟಿಗೆಯ ಮಗ್ಗುಲಿನ ಕೋಣೆಯನ್ನು ಕೊಟ್ಟವಳು ಬೆಟ್ಟಮ್ಮ ಎಂಬ ಒಕ್ಕಲು ಹೆಂಗಸು. (ಗಂಡ ಇಲ್ಲ. ಎಮ್ಮೆ ಇವೆ. ಬಾಯಿ ಇದೆ.)

೨. ಚಳಿಗಾಲದಲ್ಲಿ ಸದರಿಯವನ ದಿನಚರಿಯು ನಮ್ಮ ಹರಿಕಾರನ ಗುಪ್ತ ವರದಿಯಂತೆ ಹೀಗಿರುತ್ತದೆ. ಹೊಳೆಯ ಮೇಲೆ ಮಂಜು ಕವಿದು, ಮುಂದಿನ ಎತ್ತು ಹಿಂದಿನವನಿಗೆ ಕಾಣದಂಥ ಬೆಳಗಿನಲ್ಲಿ, ಊರೆಲ್ಲ ಕಂಬಳಿಯೊಳಗಿರುವಾಗ, ಆತನು ಹೇಮಾವತಿಗೆ ಇಳಿದು ಮುಳುಗು ಹಾಕುತ್ತಾನೆ. ಮುಳುಗಿ ಎದ್ದು ಹಾಡುತ್ತಾನೆ. ಆಮೇಲೆ ಒಂದೊಂದೇ ಮನೆಯ ಮುಂದೆ ನಿಂತು ಕೆಮ್ಮುತ್ತಾನೆ. ಬಾಗಿಲು ತೆರೆದವರಿಗೆ ದೇವರ ಮಾತು ಹೇಳುತ್ತಾನೆ. ತೆರೆದವರು, “ಇರೋ ದೇವ್ರುಗಳ್ಗೇ ಎಡೆ ಇಕ್ಕಕ್ಕೆ ನಮ್ ಕೈಲಾಯ್ತಿಲ್ಲ, ಮುಂದಕ್ಕೋಗಪ್ಪ” ಎಂದು ಮುಚ್ಚಿಕೊಳ್ಳುತ್ತಾರೆ. ಆತನು ಬೇಸರ ಮಾಡಿಕೊಳ್ಳದೆ ಆ ಮನೆಯ ಹಿತ್ತಿಲಿಗೆ ಹೋಗಿ, ಅಲ್ಲಿ ಬಿದ್ದಿರುವ ಸೌದೆಯನ್ನು ಸೀಳಿ, ಸಾಲಾಗಿ ಒಟ್ಟಿ, ಮುಂದಿನ ಮನೆಯ ಮುಂದೆ ಕೆಮ್ಮುತ್ತಾನೆ. ಈ ರೀತಿಯಾಗಿ ಊರಿನ ಸೌದೆಯೆಲ್ಲ ಸೀಳಲ್ಪಟ್ಟಿತೇ ಹೊರತು ಆತನ ದೇವರ ಕಡೆಗೆ ಒಬ್ಬರೂ ಹೋಗಲಿಲ್ಲ. ಫಲ ಕಾಣದ ಕಾರಣ ಬೋಧನೆಯನ್ನು ಅಪರಾಧವೆಂದು ಎಣಿಸಿಲ್ಲ. ಆದರೆ ಕೆಮ್ಮು ಇಲ್ಲದೆ ಕೆಮ್ಮುವುದನ್ನು ಇಂದಿನಿಂದ ನಿಷೇಧಿಸಲಾಗಿದೆ.

೩. ಅಪರಾಧವು ನಡೆದದ್ದು ಬೆಟ್ಟಮ್ಮನ ಒಲೆಯ ಮುಂದೆ. ಆಕೆಯು, “ಈ ಚಳೀಲಿ ಎಂಗ್ಲಾ ಹೊಳೆಗಿಳೀತೀಯ? ಜೀವ ಬ್ಯಾಡ್ವಾ ನಿಂಗೆ?” ಎಂದು ಕೇಳಲಾಗಿ, ಆತನು ನಕ್ಕು, “ಇದೂ ಒಂದ್ ಚಳಿನೇನವ್ವ? ನಮ್ ಸೀಮೇಲಿ ಆಕಾಸ್ದಿಂದ ಅಕ್ಕಿಟ್ಟು ಉದುರ್ದಂಗೆ ಬೆಳ್ಳಗೆ ಉದುರ್ತದೆ. ಬಾಗ್ಲು ಮುಚ್ಕತದೆ, ತೋಡ್ಕಂಡು ಆಚೆ ಬರ್ಬೇಕು. ಹೊಳೆ ಕಲ್ಲಾಯ್ತದೆ. ಅದ್ರ ಮ್ಯಾಲೆ ಗಾಡಿ ಓಡುಸ್ತೀವಿ” ಎಂದು ಹೇಳಿದ್ದಾನೆ. ಆತನು ಕನ್ನಡವನ್ನು ಬಹುಪಾಲು ಬೆಟ್ಟಮ್ಮನಿಂದಲೇ ಕಲಿತಿದ್ದು, ಅದರ ದುಷ್ಪರಿಣಾಮವನ್ನು ಮುಂದೆ ನಮೂದಿಸಲಾಗಿದೆ.

೪. ಮಾರನೆಯ ದಿನವೇ ಈ ಸುದ್ದಿಯು ಊರು ತುಂಬಿತು. ಆತನ ದೇವರನ್ನು ಕೇಳಲು ಬಾಗಿಲು ತೆರೆಯದವರು ಆತನ ಹೊಳೆಯನ್ನು ಕೇಳಲು ಬೆಟ್ಟಮ್ಮನ ಜಗುಲಿ ತುಂಬಿದರು. ನಂಬುವವರು, ನಂಬದವರು ಎಂದು ಊರು ಎರಡಾಯಿತು. ಪಟೇಲ ಶಿವಲಿಂಗಯ್ಯನವರು ನಂಬದವರ ಮುಂದಾಳಾಗಿದ್ದರು. ಅವರ ಹೆಂಡತಿ ಪುಟ್ಟಗೌರಮ್ಮನು ನಂಬಿದ್ದಲ್ಲದೆ, ಬಾವಿಕಟ್ಟೆಯಲ್ಲಿ ನಾಲ್ಕು ಜನರ ಎದುರಿಗೆ, “ನೀವೇನ್ ಕಂಡಿದ್ದೀರಿ? ಹಿರೋಡೆ ಸಂತೆಗೋಗಿ ಬರೋದೇ ನಿಮ್ಗೆ ಕಾಸಿಯಾತ್ರೆ. ಅವ್ನು ಹೊಳೆ ಮ್ಯಾಲೆ ನಡ್ದವ್ನೆ” ಎಂದಳು. ಪಟೇಲರು ಮನೆಗೂ ಹೋಗದೆ ನೇರವಾಗಿ ನಾಗಮಂಗಲಕ್ಕೆ ಬಂದು ಉಲ್ಲೇಖ ಒಂದರ ದೂರನ್ನು ದಾಖಲಿಸಿದರು.

೫. ದೂರನ್ನು ಓದಿದೊಡನೆ ಇದರಲ್ಲಿರುವ ಗಂಡಾಂತರವು ಈ ಕಚೇರಿಗೆ ಹೊಳೆಯಿತು. ರಾಜಧಾನಿಯಾದ ಪಟ್ಟಣದ ಕೋಟೆಯ ಸುತ್ತ ಹೊಳೆ ಹರಿಯುತ್ತಿರುವುದು ಹಗೆಗಳು ಬಾರದಿರಲೆಂದು. ಅದೇ ಹೊಳೆ ಗಟ್ಟಿಯಾದಲ್ಲಿ ಕುಂಪಣಿಯ ದಂಡು ಕಾಲು ಒದ್ದೆ ಮಾಡಿಕೊಳ್ಳದೆ ಕೋಟೆಯ ಬಾಗಿಲಿಗೆ ಬರುವುದು. ಹೇಮಾವತಿಯು ಕೆಳಗೆ ಹೋಗಿ ಕಾವೇರಿಯನ್ನು ಸೇರುವುದರಿಂದ, ಅಕ್ಕಿಹೆಬ್ಬಾಳಿನಲ್ಲಿ ಕಲಿತ ಚಾಳಿಯು ಪಟ್ಟಣದವರೆಗೆ ಹರಿಯುವ ಸಂಭವವೂ ಇದೆ. ಆದಕಾರಣ:

(ಅ) ಈ ಸೀಮೆಯ ಯಾವುದೇ ಹೊಳೆ, ಹಳ್ಳ, ಕೆರೆ, ಕಾಲುವೆಯು ಕಚೇರಿಯ ಪೂರ್ವಾನುಮತಿಯಿಲ್ಲದೆ ಗಟ್ಟಿಯಾಗತಕ್ಕದ್ದಲ್ಲ.

(ಆ) ಹರಿಗೋಲಿನವರು ಪ್ರತಿ ಬೆಳಿಗ್ಗೆ ಹುಟ್ಟುಗೋಲಿನಿಂದ ನೀರನ್ನು ತಿವಿದು, ಮೆತ್ತಗಿದೆಯೆಂದು ಖಾತ್ರಿಪಡಿಸಿಕೊಂಡ ನಂತರವೇ ಜನರನ್ನು ದಾಟಿಸತಕ್ಕದ್ದು.

(ಇ) ಮೊಸರು ಹೆಪ್ಪುಗಟ್ಟುವುದಕ್ಕೆ ಅಭ್ಯಂತರವಿಲ್ಲ. ಆದರೆ ಹೊಳೆಗೆ ಕಾಣುವಂತೆ ಇಡಕೂಡದು.

೬. ಪುಷ್ಯ ಮಾಸದ ಮೊದಲಲ್ಲಿ ಅಂದ್ರಯ್ಯನನ್ನು ಕಟ್ಟಿ ತಂದು ಕಚೇರಿಯ ಮುಂದೆ ನಿಲ್ಲಿಸಲಾಯಿತು. ಈ ಕಚೇರಿಯು ಕ್ರೂರವಲ್ಲ. “ಹೊಳೆ ಗಟ್ಟಿಯಾಗುವುದು ಸುಳ್ಳು ಎಂದು ಒಂದು ಮಾತು ಹೇಳು. ಈಗಲೇ ಬಿಡುತ್ತೇವೆ” ಎಂದು ತಿಳಿಹೇಳಲಾಯಿತು. ಆತನು ಮುಖ್ಯ ತಪಾಸಕರನ್ನು ನೋಡಿ, ಬಹಳ ವಿನಯದಿಂದ, “ಅದೆಂಗ್ ಯೋಳ್ಳಿ ಕಣ್ಲಾ? ನಿಜ ಅದು” ಎಂದನು.

ಕಚೇರಿಯಲ್ಲಿ ಬರೆಯುತ್ತಿದ್ದವರೆಲ್ಲ ಬರೆಯುವುದನ್ನು ನಿಲ್ಲಿಸಿದರು. ಇಬ್ಬರು ಕೆಮ್ಮಿದರು. (ನೋಡಿ: ಕಲಂ ೨.) ಮುಖ್ಯ ತಪಾಸಕರನ್ನು ಅವರ ತಂದೆಯೂ ಕಣ್ಲಾ ಎಂದು ಕರೆದಿರಲಿಲ್ಲ. ಪರದೇಶಿಗಳಿಗೆ ಕನ್ನಡ ಕಲಿಸುವವರು ಮೊದಲು ಬಹುವಚನವನ್ನೂ, ಅದು ಬಂದ ಮೇಲೆ ಉಳಿದದ್ದನ್ನೂ ಕಲಿಸತಕ್ಕದ್ದೆಂದು ಈ ಮೂಲಕ ಕಟ್ಟಪ್ಪಣೆ ಮಾಡಲಾಗಿದೆ.

೭. ಸುಳ್ಳೆಂದು ಒಪ್ಪಿಕೊಳ್ಳುವುದಕ್ಕೆ ಏನು ಅಡ್ಡಿ ಎಂದು ಮತ್ತೆ ಕೇಳಲಾಗಿ, ಸದರಿಯವನು ನೆಲ ನೋಡುತ್ತ ನೀಡಿದ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಿದೆ: “ನಮ್ಮಣ್ಣ ಅದ್ರೊಳ್ಗೇ ಓದ. ಗಾಡೀಲಿ ಸೌದೆ ಏರ್ಕಂಡು ಆ ದಡದಿಂದ ಬತ್ತಿದ್ದ. ಕಲ್ಲಾಗಿದ್ ಹೊಳೆ ನಟ್ಟನಡುವೆ ಬಿರ್ಕಂತು. ಕುದ್ರೆ, ಗಾಡಿ, ಅವ್ನು, ಎಲ್ಲಾ ಓಯ್ತು. ನಾನು ಈ ದಡದಲ್ಲಿ ನಿಂತಿದ್ದೆ. ಈಗ ಸುಳ್ಳು ಅಂದ್ಬುಟ್ರೆ, ನಮ್ಮಣ್ಣ ಯಾವುದ್ರಲ್ ಸತ್ತ? ನೀನೇ ಯೋಳ್ಲಾ.”

ಕಚೇರಿಯನ್ನೇ ಪ್ರಶ್ನೆ ಕೇಳಿದ ಕಾರಣ ಆತನನ್ನು ಚಾವಡಿಯ ಹಿಂದಿನ ಕೋಣೆಗೆ ಹಾಕಲಾಯಿತು. ಇನ್ನು ಮುಂದೆ ಯಾರ ಅಣ್ಣನೂ, ತಮ್ಮನೂ ಈ ಸೀಮೆಯಲ್ಲಿ ಇಲ್ಲದ ರೀತಿಯಲ್ಲಿ ಸಾಯತಕ್ಕದ್ದಲ್ಲ. ಸಾಯಲೇಬೇಕಾದವರು ಜ್ವರ, ಹಾವು, ದಂಡು ಮುಂತಾದ ರೂಢಿಯ ಕಾರಣಗಳಿಂದಲೇ ಸಾಯುವುದು.

೮. ಕೋಣೆಯ ನೆಲ ಒದ್ದೆಯಿದ್ದು, ಆತನು ಒಂದು ಕಂಬಳಿ ಕೇಳಿದನು. ಬಾಗಿಲು ಮುಚ್ಚುವಷ್ಟು ಬೆಳ್ಳನೆಯದು ಉದುರುವ ಸೀಮೆಯವನಿಗೆ ನಾಗಮಂಗಲದಲ್ಲಿ ಚಳಿಯಾಗಲಾರದೆಂಬ ಕಾರಣದಿಂದ ಕೋರಿಕೆಯನ್ನು ತಿರಸ್ಕರಿಸಲಾಯಿತು. ಆತನು ನಡುಗತೊಡಗಿದನು. ನಡುಗುವುದರಿಂದ ಆತನು ಅಂಥ ಸೀಮೆಯವನೇ ಅಲ್ಲವೆಂದು ಸಾಬೀತಾಯಿತು. ಅಂಥ ಸೀಮೆಯವನಲ್ಲದಿದ್ದರೆ ಕಂಬಳಿ ಕೊಡಬಹುದಲ್ಲವೇ ಎಂದು ಒಬ್ಬ ಗುಮಾಸ್ತನು ಕೇಳಿದನು. ಆ ಗುಮಾಸ್ತನನ್ನು ಹುಲ್ಲುಗಾವಲಿನ ಇಲಾಖೆಗೆ ವರ್ಗಾಯಿಸಲಾಗಿದೆ.

೯. ಇಷ್ಟರಲ್ಲಿ ಅಕ್ಕಿಹೆಬ್ಬಾಳಿನಿಂದ ಬೆಟ್ಟಮ್ಮ, ಪುಟ್ಟಗೌರಮ್ಮ, ಇವರಿಬ್ಬರ ಹಿಂದೆ ತಲೆ ತಗ್ಗಿಸಿಕೊಂಡು ಪಟೇಲ ಶಿವಲಿಂಗಯ್ಯನವರು ಗಾಡಿ ಕಟ್ಟಿಕೊಂಡು ಬಂದರು. ಪುಟ್ಟಗೌರಮ್ಮನು ಗಂಡನಿಗೆ ದಾರಿಯುದ್ದಕ್ಕೂ ಏನು ಹೇಳಿದಳೆಂಬುದು ದಾಖಲೆಯಲ್ಲಿಲ್ಲ, ಅವರ ಮುಖದಲ್ಲಿತ್ತು. ಉಲ್ಲೇಖ ಎರಡರ ಅರಿಕೆಯನ್ನು ಅವರು ಕೈಮುಗಿದು ಮಾಡಿಕೊಂಡರು. ದಾಖಲಾದ ದೂರನ್ನು ಮರೆಯುವ ಅಧಿಕಾರ ಈ ಕಚೇರಿಗಿಲ್ಲವೆಂದು ತಿಳಿಸಲಾಯಿತು.

ಬೆಟ್ಟಮ್ಮನು ಅಷ್ಟರಲ್ಲಿ ಕಾವಲಿನವನನ್ನು ಪಕ್ಕಕ್ಕೆ ತಳ್ಳಿ ಹಿಂದಿನ ಕೋಣೆಗೆ ಹೋಗಿದ್ದಳು. ಬಿದ್ದುಕೊಂಡಿದ್ದವನ ಹಣೆ ಮುಟ್ಟಿ, ಹೊರಗೆ ಬಂದು, “ಮೈ ಕೆಂಡ ಆಗ್ಬುಟ್ಟದಲ್ರಯ್ಯ! ನೀವೇನ್ ಮನುಸ್ರಾ?” ಎಂದು ಕೇಳಿದಳು. ಪ್ರಶ್ನೆಯು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿಲ್ಲವಾದ್ದರಿಂದ ಉತ್ತರಿಸಿಲ್ಲ. ಆತನ ದೇವರಿಗೆ ನೀನು ಸೇರಿಕೊಂಡೆಯಾ ಎಂದು ಆಕೆಯನ್ನು ವಿಚಾರಿಸಲಾಯಿತು. “ಅವ್ನ ದೇವ್ರು ನಂಗ್ಯಾಕೆ? ನಮ್ಮನೆ ದೇವ್ರೇ ಸಾಕಾಗ್ಬುಟ್ಟದೆ. ಅವ್ನು ಸುಳ್ಳಾಡೋನಲ್ಲ, ಅಷ್ಟೇಯ.”

೧೦. ಆಗ ಪಟೇಲರು ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಈ ಕೆಳಗಿನ ಹೇಳಿಕೆಯನ್ನು ನೀಡಿದರು: “ಸ್ವಾಮಿ, ಅಂದ್ರಯ್ಯ ಅನ್ನೋನೇ ಇಲ್ಲ. ನಮ್ಮೂರ್ಗೆ ಯಾವ ಪರದೇಸೀನೂ ಬಂದಿಲ್ಲ. ಹೆಂಡ್ರ ಮ್ಯಾಲಿನ ಸಿಟ್ಟಿಗೆ ಇಲ್ದಿರೋ ಮನ್ಸನ ಮ್ಯಾಲೆ ದೂರು ಕೊಟ್ಬುಟ್ಟೆ. ಇಲ್ದಿರೋನು ಆಡಿದ್ ಮಾತೂ ಇಲ್ಲ. ನಮ್ ಹೊಳೆ ಮೆತ್ತಗೇ ಅದೆ.”

ಕಚೇರಿಗೆ ಬಹಳ ಸಮಾಧಾನವಾಯಿತು. ಆಸಾಮಿಯೇ ಇಲ್ಲವೆಂದಾದರೆ ವಿಚಾರಣೆ, ಪ್ರಶ್ನೆ, ಕಂಬಳಿ, ಕಣ್ಲಾ, ಎಲ್ಲವೂ ಒಟ್ಟಿಗೆ ಮುಕ್ತಾಯವಾಗುತ್ತದೆ. ಇಲ್ಲದವನನ್ನು ಚಾವಡಿಯಲ್ಲಿ ಇಟ್ಟುಕೊಳ್ಳುವುದು ನಿಯಮಬಾಹಿರವಾದ್ದರಿಂದ ಕೂಡಲೇ ಎತ್ತಿಕೊಂಡು ಹೋಗಲು ಸೂಚಿಸಲಾಯಿತು. ಗಾಡಿಗೆ ಏರಿಸುವಾಗ ಸದರಿ ಇಲ್ಲದವನು ಜ್ವರದಲ್ಲಿಯೇ ತಲೆಯೆತ್ತಿ, “ಅದ್ ಸುಳ್ಳು. ನಾನಿವ್ನಿ ಕಣ್ಲಾ” ಎಂದನು. ಬೆಟ್ಟಮ್ಮನು ತಾನು ಹೊದ್ದಿದ್ದ ಕಂಬಳಿಯನ್ನು ಅವನ ಮೇಲೆ ತಲೆತನಕ ಎಳೆದು, “ಸುಮ್ಕಿರ್ಲಾ! ಊರು ಮುಟ್ಟಾಗಂಟ ಇಲ್ದಂಗಿರು” ಎಂದಳು. ಇದನ್ನು ಕಚೇರಿಯಲ್ಲಿ ಎಲ್ಲರೂ ಕೇಳಿಸಿಕೊಂಡರು. ಕೇಳಿಸಿಕೊಂಡದ್ದನ್ನು ಈ ಮೂಲಕ ಹಿಂಪಡೆಯಲಾಗಿದೆ.

೧೧. ಇಲ್ಲಿಗೇ ಮುಗಿಯಬೇಕಾಗಿದ್ದ ವಿಷಯವು ಮುಗಿಯದಿರಲು ಕಾರಣವಾದ ಘಟನೆಯು ಪುಷ್ಯ ಬಹುಳ ಅಮಾವಾಸ್ಯೆಯಂದು ಹಗಲಿನಲ್ಲಿ ನಡೆಯಿತು. ಬೆಟ್ಟಮ್ಮನ ಮೆಣಸಿನ ಸಾರಿನಿಂದ ಅಂದ್ರಯ್ಯನು ಎದ್ದು ಕೂರುವಂತಾಗಿದ್ದನು. ಆಕೆಯು, “ನಿಮ್ಮಣ್ಣನ ಎಸ್ರೇನ್ಲಾ?” ಎಂದು ಕೇಳಿದಳು. ಯೋನಾಸ್ ಎಂದನು. ಊರಿನವರು ಅದನ್ನು ಯೋನಯ್ಯ ಮಾಡಿಕೊಂಡರು. “ಅವ್ನಿಗೆ ಎಡೆ ಇಕ್ಕುದ್ರಾ?” ಎಂದಳು. ನಮ್ಮಲ್ಲಿ ಆ ಪದ್ಧತಿ ಇಲ್ಲ, ಹೆಣವೂ ಸಿಗಲಿಲ್ಲ ಎಂದನು. “ಪದ್ದತಿ ಇಲ್ದಿದ್ರೆ ಸತ್ತೋನು ಅಸ್ಕೊಂಡಿರ್ಬೇಕಾ?” ಎಂದು ಆಕೆ ಎದ್ದು ಒಲೆ ಹಚ್ಚಿದಳು.

ಮುದ್ದೆ, ಅವರೆಕಾಳಿನ ಸಾರು, ಬೆಲ್ಲದನ್ನ ಬಾಳೆಯೆಲೆಯ ಮೇಲೆ ಬಿದ್ದವು. ಎಡೆಯನ್ನು ಹೊಳೆಯ ದಡಕ್ಕೆ ಹೊತ್ತವರು ಪಟೇಲ ಶಿವಲಿಂಗಯ್ಯನವರು. ದೀಪ ಹಚ್ಚಿದವಳು ಪುಟ್ಟಗೌರಮ್ಮ. ದೇವರ ಮಾತಿಗೆ ಬಾಗಿಲು ಮುಚ್ಚಿಕೊಂಡಿದ್ದವರು, ಬೆಳ್ಳನೆಯದು ಉದುರುತ್ತದೆಂದು ನಂಬದೆ ಹೋದವರು, ಊರಿಗೆ ಊರೇ ಬಂದು ನಿಂತಿತು. ಯಾರೂ ನಗಲಿಲ್ಲ. ಬೆಟ್ಟಮ್ಮನು ನೀರಿನ ಕಡೆ ತಿರುಗಿ, “ಯೋನಯ್ಯ, ಬಂದು ಉಣ್ಣಪ್ಪ. ಇಲ್ಲಿ ನೀರು ಬಿರಿಯಾಕಿಲ್ಲ” ಎಂದು ಕರೆದಳು. ಆ ಪರದೇಶಿಯು ಮರಳಿನ ಮೇಲೆ ಕುಸಿದು ಕೂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದುಕೊಂಡು ಅತ್ತನು. ಅಷ್ಟು ದಿನ ಬಾಗಿಲಿಂದ ಬಾಗಿಲಿಗೆ ಅಟ್ಟಿಸಿಕೊಂಡಾಗಲೂ ಅಳದವನು ಎಂದು ಹರಿಕಾರನ ವರದಿ. ಹರಿಕಾರನೂ ಅಲ್ಲಿಯೇ ಉಂಡು ಬಂದಿದ್ದಾನೆ.

೧೨. ಇಲ್ಲದವನೊಬ್ಬನ ಅಣ್ಣನಿಗೆ, ಆಗದ ರೀತಿಯಲ್ಲಿ ಗಟ್ಟಿಯಾದ ಹೊಳೆಯಲ್ಲಿ ಸತ್ತದ್ದಕ್ಕಾಗಿ, ಸರ್ಕಾರದ ಹೊಳೆಯ ದಡದಲ್ಲಿ ಎಡೆ ಇಟ್ಟಿರುವುದನ್ನು ಈ ಕಚೇರಿಯು ಅತ್ಯಂತ ಗಂಭೀರವಾಗಿ ಪರಿಗಣಿಸಿದೆ. ಆದ್ದರಿಂದ:

(ಅ) ಪರದೇಶದಲ್ಲಿ ಸತ್ತವರಿಗೆ ಈ ಸೀಮೆಯಲ್ಲಿ ಯಾರೂ ಮರುಗತಕ್ಕದ್ದಲ್ಲ. ಮರುಗಲೇಬೇಕಾದವರು ಸತ್ತವನನ್ನು ಮೊದಲು ಹಾಜರುಪಡಿಸತಕ್ಕದ್ದು.

(ಆ) ಇಲ್ಲದವನು ಯಾರಿಗೂ ಕಾಣತಕ್ಕದ್ದಲ್ಲ. ಕಂಡವರು ಕಾಣದಂತೆ ಮುಂದೆ ಹೋಗುವುದು. ಆತನು ಸೀಳಿದ ಸೌದೆಯು ತಾನಾಗಿಯೇ ಸೀಳಿಕೊಂಡಿದ್ದೆಂದು ತಿಳಿಯತಕ್ಕದ್ದು.

(ಇ) ಅಕ್ಕಿಹೆಬ್ಬಾಳಿನವರು ಈಗ ಆತನು ಕೆಮ್ಮುವ ಮೊದಲೇ ಬಾಗಿಲು ತೆರೆದು, ಒಳಗೆ ಕರೆದು, ಗಂಜಿ ಕೊಟ್ಟು, ದೇವರ ಮಾತನ್ನು ಪೂರ್ತಿ ಕೇಳಿ, ಆಮೇಲೆ ಬೇಡವೆನ್ನುತ್ತಿದ್ದಾರೆಂದು ತಿಳಿದುಬಂದಿದೆ. ಬೇಡವೆನ್ನುವವರು ಮೊದಲೇ ಬೇಡವೆನ್ನತಕ್ಕದ್ದು.

(ಈ) ಚಳಿಯು ಶಿವರಾತ್ರಿಯೊಳಗೆ ಈ ಸೀಮೆಯನ್ನು ಬಿಟ್ಟು ಹೋಗತಕ್ಕದ್ದು.

ಈ ಆದೇಶವು ಓದಿದ ಕ್ಷಣದಿಂದಲೂ, ಓದು ಬಾರದವರಿಗೆ ಅದಕ್ಕೂ ಮೊದಲಿನಿಂದಲೂ ಜಾರಿಯಲ್ಲಿರುತ್ತದೆ.

(ಸಹಿ)
ಮುಖ್ಯ ತಪಾಸಕರು
ಪರಸ್ಥಳದವರ ತಪಾಸಣಾ ಕಚೇರಿ, ನಾಗಮಂಗಲ
(ಚಳಿಯಿಂದ ಕೈ ನಡುಗಿದ ಕಾರಣ ಸಹಿ ಸೊಟ್ಟಗಿದೆ. ಅಧಿಕೃತವೆಂದೇ ಭಾವಿಸುವುದು.)

ಪ್ರತಿಗಳು:
೧. ಪಟೇಲ ಶಿವಲಿಂಗಯ್ಯನವರಿಗೆ, ಅಕ್ಕಿಹೆಬ್ಬಾಳು: ಅವರ ಪತ್ನಿಯವರ ಮುಖಾಂತರ.
೨. ಬೆಟ್ಟಮ್ಮನಿಗೆ: ತಳವಾರನು ದೂರದಲ್ಲಿ ನಿಂತು ಓದಿ ಹೇಳುವುದು.
೩. ಅಂದ್ರಯ್ಯನಿಗೆ: ಇಂಥವನು ಇಲ್ಲವಾದ್ದರಿಂದ ಕಳುಹಿಸಿಲ್ಲ. ಕೈಗೆ ಕೊಡಲಾಗಿದೆ.
೪. ಹುಲ್ಲುಗಾವಲಿನ ಇಲಾಖೆಯ ಹೊಸ ಗುಮಾಸ್ತನಿಗೆ: ಎಚ್ಚರಿಕೆಗಾಗಿ.
೫. ಹೇಮಾವತಿ ಹೊಳೆಗೆ: ಹರಿಕಾರನು ಖುದ್ದಾಗಿ ನೀರಿಗೆ ಬಿಟ್ಟಿದ್ದಾನೆ. ಪ್ರತಿಯು ನಿಲ್ಲದೆ ಪಟ್ಟಣದ ಕಡೆ ತೇಲಿಹೋಯಿತೆಂದು ವರದಿ ಬಂದಿದ್ದು, ಹೊಳೆಯೊಂದು ಮಾತ್ರ ಆದೇಶವನ್ನು ಪಾಲಿಸುತ್ತಿದೆಯೆಂದು ದಾಖಲಿಸಿಕೊಳ್ಳಲಾಗಿದೆ.