ಮರ ಕಚ್ಚುವ ಮೇಷ್ಟ್ರು, ತಲೆಯಿಲ್ಲದ ಗಿಟಾರು

ಕಡೂರಿನ ನಮ್ಮ ಮೇಷ್ಟ್ರಿಗೆ ಒಂದು ಅಭ್ಯಾಸ. ಬೇಸ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡ ಕೂಡಲೇ ಬಗ್ಗಿ, ಅದರ ಮರದ ಮೈಯಿಂದ ಮೇಲ್ಗಡೆ ಚಾಚಿಕೊಂಡ ಕೊಂಬನ್ನು ಮೆಲ್ಲಗೆ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಹಾಗೇ ಒಂದೊಂದೇ ತಂತಿ ಮೀಟುತ್ತಾ ಶ್ರುತಿ ಮಾಡುತ್ತಾರೆ. ಸ್ಪೀಕರಿನ ಹಂಗೇ ಬೇಡ. ನಾದ ಮರದಿಂದ ಹಲ್ಲಿಗೆ, ಹಲ್ಲಿನಿಂದ ನೇರ ತಲೆಗೆ ಹೋಗುತ್ತದಂತೆ. ಒಂದು ಮದುವೆಯಲ್ಲಿ ಬಡಿಸುವವರು ಇದನ್ನು ನೋಡಿ ಓಡಿಬಂದು, "ಎಲೆ ಹಾಕಿದೀವಿ ಬನ್ನಿ ಸ್ವಾಮಿ, ಅದನ್ಯಾಕೆ ಕಚ್ತೀರಾ" ಅಂತ ಕರೆದದ್ದೂ ಉಂಟು.

ಇಂಥವೆಲ್ಲ ನನ್ನ ಕಣ್ಣಿಗೇ ಯಾಕೆ ಬೀಳುತ್ತವೋ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡು ಕೂತವರಿಗೆ ಜಾಸ್ತಿ ಕಾಣಿಸುತ್ತದೋ ಏನೋ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಅಷ್ಟೂ ವರ್ಷ ಶಾಲೆಯಲ್ಲಿ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ ಅರ್ಧ ಪುಟ ಆದೀತು. ಅದರಲ್ಲೂ ಮುಕ್ಕಾಲು ಪಾಲು "ಪ್ರೆಸೆಂಟ್ ಮಿಸ್". ಬೇಸ್ ಗಿಟಾರ್ ಕಲಿಯಲು ಹೊರಟದ್ದೂ ಅದೇ ಕಾರಣಕ್ಕೆ. ಆರ್ಕೆಸ್ಟ್ರಾದಲ್ಲಿ ಜನ ಹಾಡುವವರನ್ನು ನೋಡುತ್ತಾರೆ, ಡ್ರಮ್ಸ್ ಬಾರಿಸುವವರನ್ನು ನೋಡುತ್ತಾರೆ. ಬೇಸ್ ನುಡಿಸುವವರನ್ನು ಅವರ ಹೆತ್ತ ತಾಯಿಯೂ ನೋಡುವುದಿಲ್ಲ.

ಹಳೇದು, ಹೊಸದು

ನಮ್ಮ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವರು ಇಬ್ಬರು. ಹಳೇ ಹಾಡುಗಳಿಗೆ ಮೇಷ್ಟ್ರು, ಹೊಸ ಹಾಡುಗಳಿಗೆ ತರೀಕೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ, ನಾವೆಲ್ಲ ಅಣ್ಣ ಅನ್ನುವವನು. ನಾನು ಅಜ್ಜಂಪುರದವಳು, ಭಾನುವಾರಗಳಲ್ಲಿ ಮೇಷ್ಟ್ರ ಹತ್ತಿರ ಕಲಿಯುವ ಶಿಷ್ಯೆ. ಇಬ್ಬರಲ್ಲಿ ಯಾರಾದರೂ ಊಟಕ್ಕೆ ಎದ್ದರೆ ಆ ಜಾಗಕ್ಕೆ ನಾನು.

ಮೇಷ್ಟ್ರ ಗಿಟಾರಿಗೆ ನನಗಿಂತ ವಯಸ್ಸು ಜಾಸ್ತಿ. ರುಬ್ಬುವ ಕಲ್ಲಿನಷ್ಟು ಭಾರ. ತೋಳು ತಾಗಿ ತಾಗಿ ಬಣ್ಣ ಹೋಗಿ ಮರ ಕಾಣಿಸುತ್ತದೆ. ನಾಲ್ಕು ತಂತಿ, ಅವನ್ನು ಇಪ್ಪತ್ತು ವರ್ಷದಿಂದ ಬದಲಾಯಿಸಿಲ್ಲ, ಒರೆಸಿಯೂ ಇಲ್ಲ. ಕೇಳಿದರೆ, "ಆ ಜಿಡ್ಡಿನಲ್ಲೇ ಕಣಮ್ಮಾ ನಾದ ಇರೋದು" ಅನ್ನುತ್ತಾರೆ.

ತರೀಕೆರೆ ಅಣ್ಣನದು ಐದು ತಂತಿಯ ಹೊಚ್ಚ ಹೊಸ ಗಿಟಾರು. ಹೂವಿನಷ್ಟು ಹಗುರ. ಹೊಟ್ಟೆಯೊಳಗೆ ಬ್ಯಾಟರಿ. ತಂತಿ ಬಿಗಿಯುವ ತಿರುಪುಗಳೆಲ್ಲ ಕೆಳಗಡೆ ಇರುವುದರಿಂದ ಮೇಲೆ ತಲೆಯೇ ಇಲ್ಲ, ಕತ್ತು ಹಾಗೇ ತುಂಡಾಗಿ ನಿಂತಿದೆ.

"ಮೇಷ್ಟ್ರೇ, ನಿಮ್ಮದರಲ್ಲಿ ಬರೀ ಡುಂ ಡುಂ ಅನ್ನುತ್ತೆ. ನಂದು ಕೇಳಿ, ಗಾಜಿನಂಗೆ!"

"ಗಾಜಲ್ಲಿ ನೀರು ಕುಡೀಬೌದು ಕಣಯ್ಯಾ, ಮುದ್ದೆ ತಿನ್ನಕ್ಕಾಗಲ್ಲ."

ಎರಡು ವರ್ಷದಿಂದ ಇದೇ. ವ್ಯಾನ್ ಹತ್ತಿದರೆ ಇದು, ಇಳಿದರೆ ಇದು. ಇಬ್ಬರೂ ಕೊನೆಗೆ ತಿರುಗಿ, "ನೀನೇ ಹೇಳಮ್ಮಾ, ಯಾವುದು ಚೆನ್ನಾಗಿದೆ?" ಅಂತ ನನ್ನನ್ನು ಕೇಳುತ್ತಾರೆ. ನಾನು ಕಿಟಕಿಯಾಚೆ ನೋಡುತ್ತೇನೆ. ಕಡೂರಿನಿಂದ ತರೀಕೆರೆವರೆಗಿನ ಪ್ರತಿಯೊಂದು ಮೈಲಿಗಲ್ಲೂ ನನಗೆ ಹೀಗೇ ಪರಿಚಯವಾದದ್ದು.

ಲಿಂಗದಹಳ್ಳಿಯಲ್ಲಿ ತಲೆ ಬಂದದ್ದು

ಲಿಂಗದಹಳ್ಳಿಯ ಒಂದು ಮದುವೆ. ನಾವು ವೇದಿಕೆ ಮೇಲೆ ಸಾಮಾನು ಜೋಡಿಸುತ್ತಿದ್ದಾಗ ಹುಡುಗಿಯ ಅಜ್ಜ ಬಂದರು. ಹಣೆ ತುಂಬ ವಿಭೂತಿ. ತರೀಕೆರೆ ಅಣ್ಣನ ಗಿಟಾರನ್ನು ಮೇಲೆ ಕೆಳಗೆ ನೋಡಿ ಕೇಳಿದರು:

"ಇದರ ತಲೆ ಎಲ್ಲಪ್ಪಾ?"

"ತಲೆ ಇಲ್ಲ ಅಜ್ಜ, ಇದು ಹೊಸ ಮಾಡಲ್ಲು."

"ಮುರಿದೋಯ್ತಾ?"

"ಇಲ್ಲಜ್ಜ, ಹುಟ್ಟಿದ್ದೇ ಹಿಂಗೆ. ತಲೇಲಿ ಇರಬೇಕಾದ್ದೆಲ್ಲ ಕೆಳಗಡೆ ಇದೆ."

"ಅದಿನ್ನೂ ಕೆಟ್ಟದ್ದು! ಮದುವೆ ಮನೆಗೆ ರುಂಡ ಇಲ್ಲದ್ದನ್ನ ತತ್ತಾರೇನಪ್ಪಾ? ಹೊರಗಿಡು ಮೊದ್ಲು."

ಅಣ್ಣ ಬೇಡಿಕೊಂಡ. ಆರ್ಕೆಸ್ಟ್ರಾದ ಯಜಮಾನರು ಕೈಮುಗಿದರು. ಕೊನೆಗೆ ಒಂದು ರಾಜಿಯಾಯಿತು: ಬೀಗರಿಗೆ ತೊಡಿಸಲು ತಂದಿದ್ದ ಪೇಟಗಳಲ್ಲಿ ಒಂದನ್ನು ಗಿಟಾರಿನ ಕತ್ತಿಗೆ ಇಡುವುದು. ಇಟ್ಟರು. ಜರಿ ಪೇಟ ತೊಟ್ಟ ಗಿಟಾರು ಮದುಮಗನಿಗಿಂತ ಲಕ್ಷಣವಾಗಿ ಕಾಣುತ್ತಿತ್ತು. ಎರಡು ಹಾಡು ಮುಗಿಯುವಷ್ಟರಲ್ಲಿ ಕೆಳಗೆ ಗಲಾಟೆ. ಬೀಗರಿಗೆ ಮರ್ಯಾದೆ ಮಾಡುವಾಗ ಒಂದು ಪೇಟ ಕಡಿಮೆ ಬಿದ್ದಿತ್ತು. ಹುಡುಗನ ಸೋದರಮಾವ ವೇದಿಕೆ ಕಡೆ ಕೈ ತೋರಿಸಿ, "ಅದಕ್ಕೆ ಸಿಕ್ತು, ನಂಗಿಲ್ಲ. ಆಯ್ತು ಬಿಡಿ, ಅದನ್ನೇ ಊಟಕ್ಕೂ ಕೂರಿಸ್ಕೊಳ್ಳಿ" ಅಂತ ಚಪ್ಪಲಿ ಹುಡುಕತೊಡಗಿದರು.

ಪೇಟ ಓಡೋಡಿ ಸೋದರಮಾವನ ತಲೆ ಸೇರಿತು. ಅಜ್ಜ ಮಾತ್ರ ಪಟ್ಟು ಬಿಡಲಿಲ್ಲ. ತಾವೇ ಒಂದು ತೆಂಗಿನಕಾಯಿ ತಂದು ಗಿಟಾರಿನ ತುದಿಗೆ ಅರಿಶಿನದ ದಾರದಲ್ಲಿ ಬಿಗಿದು ಕಟ್ಟಿದರು. ಅಣ್ಣ ಉಳಿದ ಹಾಡುಗಳನ್ನೆಲ್ಲ ಕಾಯಿ ಬೀಳದ ಹಾಗೆ ಎತ್ತಿ ಹಿಡಿದೇ ನುಡಿಸಿದ.

ಮೇಷ್ಟ್ರು ನನ್ನ ಪಕ್ಕ ಕೂತು ನಿಟ್ಟುಸಿರು ಬಿಟ್ಟರು: "ಅಂತೂ ತಲೆ ಬಂತು ನೋಡು. ಜುಟ್ಟಿನ ಸಮೇತ."

ಹಿರೇನಲ್ಲೂರಿನ ಮೀಟರು

ಹಿರೇನಲ್ಲೂರಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಅಣ್ಣನ ಗಿಟಾರು ಶುರುವಿನಲ್ಲೇ ಸದ್ದಿಲ್ಲದೆ ಹೋಯಿತು. ಒಳಗಿನ ಬ್ಯಾಟರಿ ಸತ್ತಿತ್ತು. ಅದು ಗಡಿಯಾರಕ್ಕೆ ಹಾಕುವಂಥದ್ದಲ್ಲ, ಚೌಕದ್ದು. ಊರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ಶಾಮಿಯಾನದ ಎಲೆಕ್ಟ್ರಿಷಿಯನ್ ಕರೆಂಟ್ ಪರೀಕ್ಷಿಸುವ ತನ್ನ ಮೀಟರಿನೊಳಗಿಂದ ಒಂದನ್ನು ತೆಗೆದುಕೊಟ್ಟ. ಕೊಟ್ಟವನು ಹೋಗಲಿಲ್ಲ. ಬಾಯಿ ತೆರೆದ ಮೀಟರನ್ನು ಎದೆಗೆ ಅವುಚಿಕೊಂಡು ವೇದಿಕೆಯ ಪಕ್ಕದಲ್ಲೇ ನಿಂತ. ಪ್ರತಿ ಹಾಡಿನ ಕೊನೆಗೂ ಒಂದೇ ಪ್ರಶ್ನೆ.

"ಮುಗೀತಾಣ್ಣಾ?"

"ಇನ್ನೊಂದು ಕಣೋ."

ಮೂರನೇ ಹಾಡಿನ ನಡುವೆ ಕರೆಂಟೇ ಹೋಯಿತು. ಎಲೆಕ್ಟ್ರಿಷಿಯನ್ ಒಂದೇ ನೆಗೆತಕ್ಕೆ ಮೇಲೆ ಬಂದು, "ಈಗ ಬೇಕೇ ಬೇಕು" ಅಂತ ಗಿಟಾರಿನ ಬೆನ್ನು ಬಿಚ್ಚಿ ಬ್ಯಾಟರಿ ಕಿತ್ತುಕೊಂಡು ಓಡಿದ.

ಮೇಷ್ಟ್ರಿಗೆ ಹಬ್ಬ. "ನೋಡಯ್ಯಾ, ನಂದಕ್ಕೆ ಈ ಬ್ಯಾಟರಿ ಗೀಟರಿ ರಗಳೆ ಇಲ್ಲ."

ಅಣ್ಣ ಉರಿದುಬಿದ್ದ. "ಕರೆಂಟಿಲ್ದೆ ನಿಮ್ಮದು ಮಾತ್ರ ಏನ್ ಕೇಳ್ಸುತ್ತೆ ಮೇಷ್ಟ್ರೇ?"

ಮೇಷ್ಟ್ರು ತಮ್ಮ ಗಿಟಾರು ಎತ್ತಿಕೊಂಡು, ಕೊಂಬು ಕಚ್ಚಿ, ಕಣ್ಣು ಮುಚ್ಚಿ, ನಿಂತುಹೋದ ಹಾಡನ್ನು ಪೂರ್ತಿ ನುಡಿಸಿ ಮುಗಿಸಿದರು. ಆಮೇಲೆ ಹಲ್ಲು ಬಿಡಿಸಿಕೊಂಡು ಹೇಳಿದರು: "ನಂಗೆ ಕೇಳಿಸ್ತಪ್ಪಾ."

ಅಮ್ಮನ ಕೈಗುಣ



ಮೇಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಭಾರ ಎತ್ತಬಾರದು ಅಂದರು ಡಾಕ್ಟರು. ಅವರು ಗಿಟಾರನ್ನು ನನ್ನ ಕೈಗಿಟ್ಟು, "ಇದನ್ನ ಇದುವರೆಗೂ ಯಾರಿಗೂ ಕೊಟ್ಟಿಲ್ಲ. ನೀನು ಮಾತಾಡಲ್ಲ, ಜೋಪಾನ ಮಾಡ್ತೀಯ. ಹದಿನೈದು ದಿನ ಇಟ್ಕೊಂಡಿರು" ಅಂದರು. ನನ್ನ ಜೀವನದಲ್ಲಿ ಯಾರೂ ನನಗೆ ಅಷ್ಟು ದೊಡ್ಡ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ.

ಆಯುಧಪೂಜೆ ಹತ್ತಿರವಿತ್ತು. ನಾನು ಕೆಲಸದಿಂದ ಮನೆಗೆ ಬಂದಾಗ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿ ಒಣಗುತ್ತಿದ್ದವು: ದೀಪದ ಕಂಬ, ಹಿತ್ತಾಳೆ ಕೊಡ, ಗಂಟೆ, ಮೇಷ್ಟ್ರ ಗಿಟಾರು. ತಂತಿಗಳು ಬೆಳ್ಳಿ ಸರದ ಹಾಗೆ ಹೊಳೆಯುತ್ತಿದ್ದವು.

"ಅಮ್ಮಾ! ಏನ್ ಮಾಡ್ದೆ?"

"ಏನ್ ಕಪ್ಪಗಾಗಿತ್ತೇ ಅದು! ಗಂಡಸರು ಎಲ್ಲಿ ತಿಕ್ತಾರೆ ಪಾಪ. ಹೆಂಗೂ ಕೊಡಕ್ಕೆ ಹುಣಸೆಹಣ್ಣು ನೆನೆ ಹಾಕಿದ್ದೆ, ಇದಕ್ಕೂ ಒಂದು ಕೈ ಹಚ್ಚಿ ಉಜ್ಜಿದೆ. ಮರಾನೂ ಅದರಲ್ಲೇ ಒರೆಸ್ಬಿಟ್ಟೆ. ನಿಮ್ಮ ಮೇಷ್ಟ್ರು ನೋಡಿದ್ರೆ ಎಷ್ಟು ಖುಷಿಪಡ್ತಾರೋ."

ಒಳಗೆ ತಂದು ಮೀಟಿದೆ. ಇಪ್ಪತ್ತು ವರ್ಷದ ಡುಂ ಡುಂ ಹೋಗಿ ಣಿಂಗ್ ಅಂದಿತು. ಗಾಜಿನಂಗೆ!

ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಹೋದದ್ದು ಬರೀ ನಾದವಲ್ಲ. ಭಾನುವಾರದ ಪಾಠ, ಮೇಷ್ಟ್ರ ನಂಬಿಕೆ, ನಾನು ಹೆದರದೆ ನಿಲ್ಲುವ ಆ ಒಂದೇ ಒಂದು ಜಾಗ. ಜಿಡ್ಡು ವಾಪಸ್ ತರಲು ಮಾಡಬಾರದ್ದೆಲ್ಲ ಮಾಡಿದೆ. ದಿನಾ ಸಂಜೆ ಮೆಣಸಿನಕಾಯಿ ಬಜ್ಜಿ ತಿಂದು, ಕೈ ತೊಳೆಯದೆ, ಒಂದು ಗಂಟೆ ನುಡಿಸಿದೆ. ನಾಲ್ಕು ದಿನವಾದರೂ ಗಿಟಾರು ಹಾಗೇ ಇತ್ತು. ನನ್ನ ಹೊಟ್ಟೆ ಮಾತ್ರ ಕೆಟ್ಟಿತು.

ಅಜ್ಜಂಪುರದ ಅಂತರಪಟ

ಗಿಟಾರು ವಾಪಸ್ ಕೊಡುವ ದಿನ ನಮ್ಮೂರಿನ ಕಲ್ಯಾಣ ಮಂಟಪದಲ್ಲೇ ಸಂಜೆ ಕಾರ್ಯಕ್ರಮ. ಮಧ್ಯಾಹ್ನ ಪ್ರಾಕ್ಟೀಸಿಗೆ ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ತಂತಿಯ ಹೊಳಪು ಅವರಿಗೆ ಕಾಣಿಸದು ಅಂತ ನನಗೆ ಅರ್ಧ ಜೀವ ಬಂತು. ಗಿಟಾರು ತೆಗೆದುಕೊಂಡರು. ಬಗ್ಗಿದರು. ಕೊಂಬು ಕಚ್ಚಿದರು. ಬಿಟ್ಟರು. ತುಟಿ ಒರೆಸಿಕೊಂಡು ಇನ್ನೊಂದು ಸಲ ಕಚ್ಚಿದರು. ಕಪ್ಪು ಕನ್ನಡಕ ನನ್ನ ಕಡೆ ತಿರುಗಿತು. ಆಮೇಲೆ ಶ್ರುತಿ ಮಾಡಿ ಮುಗಿಸಿದರು.

ಅಷ್ಟರಲ್ಲಿ ತರೀಕೆರೆ ಅಣ್ಣ, "ಮೇಷ್ಟ್ರೇ, ಇವತ್ತು ತೀರ್ಮಾನ ಆಗ್ಲಿ. ನೋಡದೇನೆ ಬರೀ ಕೇಳಿ ಹೇಳೋಣ, ಯಾವುದು ಹಳೇದು, ಯಾವುದು ಹೊಸದು ಅಂತ" ಅಂದ. ಯಜಮಾನರು ಮಂಟಪದಲ್ಲಿದ್ದ ಅಂತರಪಟವನ್ನೇ ತಂದು ಎರಡು ಕಂಬಗಳ ನಡುವೆ ಕಟ್ಟಿದರು. ಹುಡುಗ ಹುಡುಗಿಯ ನಡುವೆ ಹಿಡಿಯುವ ಬಟ್ಟೆ. ಅದರ ಹಿಂದೆ ಎರಡು ಗಿಟಾರು, ಒಂದು ಸ್ಟೂಲು. ನುಡಿಸುವವರು ಯಾರು?

"ಅವಳೇ ಸರಿ. ಯಾರ ಪಕ್ಷಾನೂ ಅಲ್ಲ, ಬಾಯೂ ಬಿಡಲ್ಲ" ಅಂದರು ಎಲ್ಲರೂ.

ಬಟ್ಟೆಯ ಹಿಂದೆ ಹೋಗಿ ಕೂತೆ. ಎದುರಿಗೆ ಗಾಜಿನಂಥ ದನಿಯ ಎರಡು ಗಿಟಾರು. ಮೆಲ್ಲಗೆ ಕೈ ಚಾಚಿ ಹೊಸದರ ಮೈಮೇಲಿನ, ದನಿ ಬದಲಿಸುವ ಗುಂಡಿಗಳನ್ನು ತಿರುಗಿಸಿ, ಅದರ ಹೊಳಪಿನ ದನಿಯನ್ನೆಲ್ಲ ಪೂರ್ತಿ ಇಳಿಸಿಬಿಟ್ಟೆ. ಮೋಸ ಅಂತ ಗೊತ್ತಿತ್ತು.

ಮೊದಲು ಮೇಷ್ಟ್ರದು ನುಡಿಸಿದೆ. ಣಿಂಗ್ ಣಿಂಗ್. ಆಮೇಲೆ ಅಣ್ಣನದು. ಡುಂ ಡುಂ.

ಅಣ್ಣ ಕೂಗಿಯೇಬಿಟ್ಟ: "ಮೊದಲನೇದು ನಂದು! ಆ ಶೈನಿಂಗ್ ನೋಡ್ರಿ!"

"ಮೇಷ್ಟ್ರೇ, ನೀವೇನಂತೀರಿ?" ಅಂದರು ಯಜಮಾನರು.

ಬಟ್ಟೆಯಾಚೆ ಮೇಷ್ಟ್ರ ಕುರ್ಚಿ ಕಿರುಗುಟ್ಟಿತು.

"ಎರಡನೇದು ನಂದು. ಇಪ್ಪತ್ತು ವರ್ಷದ ಜಿಡ್ಡು, ನಂಗೆ ಗೊತ್ತಾಗಲ್ವೇನ್ರೀ?"

ಹೊಸದರ ಗುಂಡಿಗಳನ್ನು ಮೊದಲಿನಂತೆ ತಿರುಗಿಸಿಟ್ಟೆ, ಬಟ್ಟೆ ಸರಿಯಿತು. ಎಲ್ಲರ ಕಣ್ಣೂ ನನ್ನ ಮೇಲೆ. "ಹೇಳಮ್ಮಾ, ಸರೀನಾ?"

"ಹೂಂ. ಇಬ್ಬರದೂ ಸರಿ" ಅಂದೆ. ಆ ವರ್ಷ ಮನೆಯಾಚೆ ನಾನು ಆಡಿದ ಅತಿ ಉದ್ದದ ಮಾತು ಅದು, ಅದೂ ಸುಳ್ಳು.

ತಂತಮ್ಮ ನಾದ ಗುರುತಿಸಿದ ಹೆಮ್ಮೆಯಲ್ಲಿ ಇಬ್ಬರೂ ಕೈ ಕುಲುಕಿದರು. ಎರಡು ವರ್ಷದ ಜಗಳ ಎರಡು ನಿಮಿಷದಲ್ಲಿ ತೀರಿತು. ಯಜಮಾನರು ಎಲ್ಲರಿಗೂ ಟೀ ಹೇಳಿದರು. ಅಮ್ಮ ತಂತಿ ತಿಕ್ಕಿದ ದಿನದಿಂದ ಮೊದಲ ಸಲ ನನಗೆ ಹಸಿವಾಯಿತು.

ಗಿಟಾರನ್ನು ಚೀಲಕ್ಕೆ ಇಡುವಾಗ ಮೇಷ್ಟ್ರು ನನ್ನ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಮರ ಹುಳಿ ಹುಳಿ ಆಗಿದೆ ಕಣಮ್ಮಾ. ನಿಮ್ಮಮ್ಮ ತಿಕ್ಕಿದ್ದಾ?"

ಭೂಮಿ ಬಾಯಿ ಬಿಡಲಿಲ್ಲ. ಹೌದೆಂದು ತಲೆಯಾಡಿಸಿದೆ.

"ಹಳೇ ಹುಣಸೆಹಣ್ಣೋ, ಹೊಸಾದೋ?"

"ಹಳೇದು ಮೇಷ್ಟ್ರೇ."

"ಅದಕ್ಕೇ ಮತ್ತೆ," ಅಂದರು, ಕನ್ನಡಕ ಸರಿಮಾಡಿಕೊಳ್ಳುತ್ತಾ. "ಹೊಸದಕ್ಕೆ ಈ ನಾದ ಬರಲ್ಲ."

ಅವರು ಟೀ ಕುಡಿಯಲು ಹೋದರು. ನಾನು ಕಂಬಕ್ಕೊರಗಿ ಸಮಾಧಾನವಾಗಿ ಒಂದು ಉಸಿರು ಬಿಟ್ಟೆನೋ ಇಲ್ಲವೋ, ತರೀಕೆರೆ ಅಣ್ಣ ತನ್ನ ಗಿಟಾರನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಮೇಷ್ಟ್ರು ದೂರದಲ್ಲಿದ್ದಾರೆ ಅಂತ ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ.

"ಯಾರಿಗೂ ಹೇಳ್ಬೇಡ ಕಣಮ್ಮಾ. ಆ ಎರಡನೇದು ನುಡಿಸಿದ್ಯಲ್ಲ, ಇನ್ನೂ ಕಿವೀಲೇ ಇದೆ. ನನ್ನ ಗಿಟಾರಿಗೆ ಏಳು ಜನ್ಮಕ್ಕೂ ಆ ನಾದ ಬರಲ್ಲ. ಮೇಷ್ಟ್ರ ಹತ್ರ ಹೇಳಿ, ಅವರದನ್ನ ಒಂದೇ ಒಂದು ವಾರ ನಂಗೆ ಕೊಡಿಸ್ತೀಯಾ?"