ಕೇಳುಗರು ಮೆಚ್ಚಿದ ನನ್ನ ಹೆಂಡತಿ

ಲೋಕವನ್ನು ತಿದ್ದಲು ಹೊರಟವನಿಗೆ ವಿಧಿಸಬಹುದಾದ ಶಿಕ್ಷೆಗಳಲ್ಲಿ ಅತ್ಯಂತ ಕ್ರೂರವಾದದ್ದು, ಅವನ ಮಾತನ್ನು ಅವನಿಗೇ ಮರಳಿ ಕೇಳಿಸುವುದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಬಹುಮಾನ ಪಡೆದ ನನಗೆ ಈ ಸತ್ಯ ತಿಳಿಯಲು ದೋಹಾಕ್ಕೆ ಬರಬೇಕಾಯಿತು. ಇಲ್ಲಿನ ಕನ್ನಡಿಗರು ಸೇರಿ ನಡೆಸುವ ಪುಟ್ಟ ಅಂತರ್ಜಾಲ ರೇಡಿಯೊ ನಮ್ಮದು. ನಜ್ಮಾ ಬಡಾವಣೆಯಲ್ಲಿ ದರ್ಜಿಯ ಅಂಗಡಿಯ ಮೇಲಿನ ಕೋಣೆಯೇ ಸ್ಟುಡಿಯೊ. ಸಂಸ್ಕೃತಿ, ಮನಸ್ಸು, ಸಮಾಜಗಳ ಬಗ್ಗೆ ಪ್ರತಿ ಶುಕ್ರವಾರ ಅತಿಥಿಯೊಬ್ಬರೊಡನೆ ಸಂವಾದ ನಡೆಸುವ ಹೊಣೆ ನನ್ನದು. ಸಮಾಜ ಇದರಿಂದ ಎಷ್ಟು ಸುಧಾರಿಸಿತೋ ಹೇಳಲಾರೆ. ಕೆಳಗಿನ ದರ್ಜಿಯಂತೂ ನಾನು ಮಾತು ಆರಂಭಿಸಿದೊಡನೆ ಹೊಲಿಗೆಯಂತ್ರವನ್ನು ಜೋರಾಗಿ ಓಡಿಸುವುದನ್ನು ರೂಢಿಸಿಕೊಂಡಿದ್ದಾನೆ.

ವರ್ಷದ ಜನಪ್ರಿಯ ಸಂವಾದಗಳನ್ನು ಮರುಪ್ರಸಾರ ಮಾಡುವ ಆಲೋಚನೆಯೂ ನನ್ನದೇ. ‘ಪರಂಪರೆ ಮತ್ತು ಪ್ರಗತಿ’ ಮೊದಲು ಬಂದೀತೆಂದು ನಂಬಿದ್ದೆ. ಬಂದದ್ದು ‘ಒಂಟಿತನ’. ಅಂದು ಒಪ್ಪಿಕೊಂಡಿದ್ದ ಮನಶ್ಶಾಸ್ತ್ರಜ್ಞರು ಕೊನೆಗಳಿಗೆಯಲ್ಲಿ ಕೈಕೊಟ್ಟದ್ದರಿಂದ, ಹೊರಗೆ ನನಗಾಗಿ ಕಾಯುತ್ತಿದ್ದ ಹೆಂಡತಿ ಸುಮತಿಯನ್ನೇ ಮೈಕಿನ ಮುಂದೆ ಕೂರಿಸಿದ್ದೆ. ಮನೆಗೆ ಬಂದು “ನೀನೇ ಮೊದಲು!” ಎಂದೆ. ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಲಿಲ್ಲ. “ನೀವು ಅದನ್ನ ಕೇಳಿದ್ದೀರಾ?” “ನಡೆಸಿದವನೇ ನಾನಲ್ಲವೇ?” “ನಡೆಸಿದ್ದು ಗೊತ್ತುಂಟು ಮಾರಾಯ್ರೆ. ಕಿವಿಗೆ ಹಾಕ್ಕೊಂಡಿದ್ದೀರಾ?”

ಈ ಪ್ರಶ್ನೆಯ ಹಿಂದೆ ದೊಡ್ಡದೊಂದು ಪ್ರಶ್ನೆಯಿತ್ತು. ಮಾರ್ಚಿನಲ್ಲಿ ಮಗಳ ಪರೀಕ್ಷೆ ಮುಗಿದೊಡನೆ ಅವಳನ್ನು ಕರೆದುಕೊಂಡು ಮಂಗಳೂರಿಗೆ ಹೋಗಿ ನೆಲೆಸುವುದೋ, ಇಲ್ಲೇ ಇರುವುದೋ ಎಂದು ಸುಮತಿ ತಿಂಗಳುಗಳಿಂದ ತೂಗಿ ನೋಡುತ್ತಿದ್ದಳು. ಇರಬೇಕೆಂಬ ಪಕ್ಷದಲ್ಲಿ ನಾನು ಹಲವು ಅಂಶಗಳನ್ನು ಅನುಕ್ರಮವಾಗಿ ಮಂಡಿಸಿದ್ದೆ. ಅವಳು ಒಂದನ್ನೂ ಖಂಡಿಸಿರಲಿಲ್ಲ. ಚರ್ಚಾಪಟುವಿಗೆ ಇದಕ್ಕಿಂತ ದೊಡ್ಡ ಅಪಶಕುನವಿಲ್ಲ.

ಮರುದಿನ ಸ್ಟುಡಿಯೊದಲ್ಲಿ ಕುಳಿತು ಕೇಳಿದೆ. “ಬೆಳಿಗ್ಗೆ ಇವರು ಆಫೀಸಿಗೆ, ಮಗಳು ಶಾಲೆಗೆ,” ಎನ್ನುತ್ತಿದ್ದಳು ಸುಮತಿ. “ಅಲ್ ಸದ್ದ್ ಏರಿಯಾದ ನಮ್ಮ ಫ್ಲಾಟಿನ ಕಿಟಕಿ ತೆಗೆದ್ರೆ ಎದುರಿನವರ ಏಸಿ ಡಬ್ಬ ಕಾಣ್ತದೆ. ಮಧ್ಯಾಹ್ನ ಅದರ ಸದ್ದು ನಿಂತ್ರೆ, ಹತ್ತಿರ ಕೂತವರು ಯಾರೋ ಎದ್ದು ಹೋದ ಹಾಗೆ ಆಗ್ತದೆ.” ಅಲ್ಲಿ ಒಂದು ಗಂಭೀರ ಧ್ವನಿ ನುಗ್ಗಿತು: “ಮೌಲಿಕವಾದ ಅನಿಸಿಕೆ. ಈಗ ಇದರ ಸಾಮಾಜಿಕ ಆಯಾಮಕ್ಕೆ ಬರೋಣ.” “ಆಯಾಮ ಎಲ್ಲ ನಂಗೊತ್ತಿಲ್ಲ. ಸಂಜೆ ಇವರಿಗೆ ಹೇಳ್ಬೇಕು ಅಂತ ಮಾತು ಕೂಡಿಸಿ ಇಟ್ಟಿರ್ತೇನೆ...” “ಕೈಗಾರಿಕಾ ಸಮಾಜದಲ್ಲಿ ಇದು ಸಹಜ,” ಎಂದಿತು ಧ್ವನಿ. ಆ ಮನುಷ್ಯ ಎದುರಿಗೆ ಸಿಕ್ಕಿದ್ದರೆ ಅಲ್ಲಿಯೇ ಅವನ ಸುಧಾರಣೆಗೆ ತೊಡಗುತ್ತಿದ್ದೆ.

ಧ್ವನಿಮುದ್ರಣ ನೋಡಿಕೊಳ್ಳುವ ಪುತ್ತೂರಿನ ರಫೀಕನಿಗೆ, “ನನ್ನ ಮಾತುಗಳನ್ನು ತೆಗೆದುಬಿಡಿ,” ಎಂದೆ. “ಎಲ್ಲವನ್ನೂ ಸಾರ್?” “ಎಲ್ಲವನ್ನೂ.” ಆತ ಉತ್ಸಾಹದಿಂದಲೇ ಕತ್ತರಿಸಿದ. “ಖಲಾಸ್. ಎಂತ ತೊಂದ್ರೆ ಆಗ್ಲಿಲ್ಲ ಸಾರ್. ಈಗ್ಲೇ ಹೆಚ್ಚು ಅರ್ಥ ಆಗ್ತದೆ.”

ಈ ಪ್ರಾಯಶ್ಚಿತ್ತಕ್ಕೆ ಅವಳ ಮನಸ್ಸು ಕರಗೀತು, ಉಳಿದಾಳು ಎಂಬ ಆಸೆಯಿಂದ ಅದನ್ನು ಮನೆಯಲ್ಲಿ ಕೇಳಿಸಿದೆ. ಸುಮತಿ ತನ್ನ ಮಾತನ್ನು ಮೊದಲ ಬಾರಿಗೆ ಇಡಿಯಾಗಿ ಕೇಳಿದಳು. ನಾನು ಉಸಿರೆತ್ತಲಿಲ್ಲ. ಮುಗಿದ ಮೇಲೆ ಕಣ್ಣೊರೆಸಿಕೊಂಡು, ಬೇರೆ ಯಾರದೋ ವಿಚಾರವೆಂಬಂತೆ, “ಪಾಪ, ಎಷ್ಟು ಸರಿಯಾಗಿ ಹೇಳ್ತಾಳಲ್ವಾ ಇವಳು?” ಎಂದಳು. “ಅಕ್ಷರಶಃ ಒಪ್ಪುತ್ತೇನೆ,” ಎಂದೆ ಉದಾರವಾಗಿ. “ಹಾಗಾದ್ರೆ ನನಗೂ ಮಗಳಿಗೂ ಮಂಗಳೂರಿಗೆ ಟಿಕೆಟ್ ಮಾಡಿ. ನನಗೂ ಇಷ್ಟು ದಿನ ಅಷ್ಟು ಖಾತ್ರಿ ಇರ್ಲಿಲ್ಲ.”

ಜೀವಮಾನದಲ್ಲಿ ಒಂದೇ ಒಂದು ಸಲ ನಾನು ಯಾರ ಮಾತಿಗೂ ಅಡ್ಡ ಬಾರದೆ ಕುಳಿತಿದ್ದೆ. ಅಡ್ಡ ಬರಲೇಬೇಕಾಗಿದ್ದದ್ದೂ ಅದೊಂದೇ ಸಲ.