ಸಾಹುಕಾರರ ಕಾರಿಗೆ ಹೊಸ ಕಣ್ಣು

ಗಾಡಿಗಳ ವೈರಿಂಗ್ ಅಂಗಡಿ ಇಟ್ಟವನ ಹತ್ತಿರ ಗಾಡಿ ಒಂದೇ ಬರುವುದಿಲ್ಲ, ಅದರ ಹಿಂದೆ ಒಂದು ಸಂಸಾರವೇ ಬರುತ್ತದೆ. ವೈರು ಎಲ್ಲಿ ಸುಟ್ಟಿದೆ ಅಂತ ನಾನು ಬಾನೆಟ್ಟಿನೊಳಗೆ ತಲೆ ತೂರಿಸಿದ್ದರೆ, ಗಂಡ ಹೆಂಡತಿ, ಅಪ್ಪ ಮಗಳು ನನ್ನ ಬೆನ್ನ ಹಿಂದೆಯೇ ಜಗಳ ಶುರು ಮಾಡುತ್ತಾರೆ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ "ನೀನೇ ಹೇಳಪ್ಪಾ" ಅನ್ನುತ್ತಾರೆ. ದಾವಣಗೆರೆಯಲ್ಲಿ ಇಷ್ಟು ವರ್ಷ ಅಂಗಡಿ ನಡೆಸಿದರೂ ನನಗೆ ಈ ಪಂಚಾಯ್ತಿ ತಪ್ಪಿಲ್ಲ. ಅದರಲ್ಲೂ ಹೋದ ವರ್ಷ ಒಂದು ಹಳೇ ಅಂಬಾಸಿಡರ್ ಕಾರಿಗೆ ಹೆಡ್‌ಲೈಟ್ ಬದಲಾಯಿಸಿದ್ದು ನೆನೆಸಿಕೊಂಡರೆ, ಈಗ ನಗು ಬರುತ್ತದೆ. ಆಗ ಕೊನೆಯ ತನಕ ಬಂದಿರಲಿಲ್ಲ.

೧. ಶರಣೋ ತಿರುವೋ

ಕಾರು ಪಿ.ಜೆ. ಬಡಾವಣೆಯ ಒಬ್ಬ ಸಾಹುಕಾರರದು. ಬಟ್ಟೆ ಅಂಗಡಿಯನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ಆರಾಮಾಗಿರುವವರು, ಎಪ್ಪತ್ತು ದಾಟಿದವರು. ಕಾರು ಅವರ ಅಪ್ಪ ಕೊಂಡದ್ದು, ಹಾಲುಕೆನೆ ಬಣ್ಣ. ಹಿಂದಿನ ಇಂಡಿಕೇಟರುಗಳು ಚೆನ್ನಾಗಿಯೇ ಇದ್ದವು. ಮುಂದಿನವು ಮಾತ್ರ ಕುಂಕುಮದ ಬೊಟ್ಟಿನಷ್ಟು, ಅವೂ ಬಿಸಿಲಿಗೆ ಬೆಳ್ಳಗಾಗಿ ಉರಿದರೂ ಕಾಣುತ್ತಿರಲಿಲ್ಲ. ಸಾಹುಕಾರರಿಗೆ ಅದರ ಚಿಂತೆಯೇ ಇರಲಿಲ್ಲ. ಬಲಕ್ಕೆ ತಿರುಗಬೇಕಾದರೆ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚುತ್ತಿದ್ದರು. ಕಷ್ಟ ಏನೆಂದರೆ, ಪರಿಚಯದವರು ಕಂಡರೆ ಶರಣು ಹೇಳುವುದೂ ಅದೇ ಕೈಯಲ್ಲಿ, ಹಾಗೇ ಚಾಚಿ. ದಾವಣಗೆರೆಯ ಅರ್ಧ ಊರು ಅವರಿಗೆ ಪರಿಚಯ.

ಒಂದು ದಿನ ಹಳೇ ಪಿ.ಬಿ. ರಸ್ತೆಯಲ್ಲಿ ಹೋಗುವಾಗ, ಮಿರ್ಚಿ ಮಂಡಕ್ಕಿ ಅಂಗಡಿಯ ಗೆಳೆಯ ಕಂಡ ಅಂತ ಕೈ ಚಾಚಿದರು. ಹರಿಹರದಿಂದ ಎದುರಿಗೆ ಬರುತ್ತಿದ್ದ ಬಸ್ಸಿನ ಡ್ರೈವರು, ಈ ಕಾರು ತನಗೆ ಅಡ್ಡ ತಿರುಗುತ್ತದೆ ಅಂತ ಬ್ರೇಕ್ ಒತ್ತಿದ. ಒಳಗಿದ್ದವರೆಲ್ಲ ಮುಗ್ಗರಿಸಿದರು. ಡ್ರೈವರು ಸಿಟ್ಟಿನಿಂದ ಇಳಿದು ಬಂದ.

"ಕೈ ತೋರ್ಸಿ ನೆಟ್ಟಗೆ ಹೊಂಟೀರಲ್ರೀ!"

"ತಿರುಗಾಕೆ ತೋರ್ಸಿದ್ದಲ್ಲಪ್ಪಾ, ಶರಣು ಅಂದೆ."

"ಅದು ಶರಣೋ ತಿರುವೋ ನನಗೆ ಹೆಂಗೆ ತಿಳೀಬೇಕ್ರಿ?"

ಸಾಹುಕಾರರು ಸಮಾಧಾನವಾಗಿ ವಿವರಿಸಿದರು. "ತಿರುವಾದ್ರೆ ಮುಖ ಗಂಟು ಹಾಕಿರ್ತೀನಿ, ಶರಣಾದ್ರೆ ನಗ್ತಿರ್ತೀನಿ. ಮುಖ ನೋಡಿ ಬ್ರೇಕ್ ಹಾಕ್ಬೇಕಪ್ಪಾ!"

ಡ್ರೈವರು ಏನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸಿನ ಮುಂದಿನ ಬಾಗಿಲಿಂದ ಒಬ್ಬ ಹೆಂಗಸು ಇಳಿದರು. ಹರಿಹರಕ್ಕೆ ಕೊಟ್ಟ, ಅವತ್ತೇ ತವರಿಗೆ ಹೊರಟಿದ್ದ ಸಾಹುಕಾರರ ಒಬ್ಬಳೇ ಮಗಳು. ಅವರು ಮುಖ ಗಂಟು ಹಾಕಿದ್ದರು.

೨. ಬಿಪಿ

ಅವತ್ತೇ ಮಧ್ಯಾಹ್ನ ಅಪ್ಪ, ಅಮ್ಮ, ಮಗಳು ಮೂವರೂ ನನ್ನ ಅಂಗಡಿಗೆ ಬಂದರು. ಮಗಳು ನನ್ನ ಮುಂದೆಯೇ ಶರತ್ತು ಹಾಕಿದರು.

"ಅಪ್ಪಾಜಿ, ಸೋಮವಾರ ನಮ್ಮನಿಗೆ ಊಟಕ್ಕೆ ಬರ್ರಿ. ನಾನು ಬಂದು, ನನ್ನ ಕಾರಿನಾಗೆ ಮುಂದೆ ಹೋಗ್ತೀನಿ, ಕನ್ನಡ್ಯಾಗೆ ನೋಡ್ತಿರ್ತೀನಿ. ಪ್ರತಿ ತಿರುವಿನಾಗೂ ಇಂಡಿಕೇಟರ್ ಕಾಣ್ಬೇಕು. ಒಂದು ಸಲ ತಪ್ಪಿದ್ರೂ ಕೀಲಿ ನನ್ನ ಕೈಗೆ ಕೊಡ್ಬೇಕು. ಆಮ್ಯಾಲೆ ನೀವು ಆಟೋದಾಗೆ ಓಡಾಡ್ರಿ."

ಹೆಂಡತಿ, ಮಗಳು ಟೀ ಕುಡಿಯಲು ಆಚೆ ಹೋದಾಗ ಸಾಹುಕಾರರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ತಮ್ಮಾ, ಅಂಗಡಿ ಬಿಟ್ಟೆ, ಹೊಲದ ಕೆಲಸ ಬಿಟ್ಟೆ. ಈ ಕೀಲೀನೂ ಹೋದ್ರೆ ನಾನು ಮನ್ಯಾಗೆ ಒಂದು ಸಾಮಾನು ಇದ್ದಂಗೆ. ಹೆಂಗಾರ ಮಾಡು. ಆದ್ರೆ ಗಾಡಿ ಮೈಗೆ ಒಂದು ತೂತೂ ಬೀಳಬಾರ್ದು."

ತೂತಿಲ್ಲದೆ ಆಗುವ ದಾರಿ ಒಂದಿತ್ತು. ಹಳೇ ಹೆಡ್‌ಲೈಟಿನ ಅಳತೆಗೇ ಸರಿಯಾಗಿ ಕೂರುವ ಹೊಸ ಎಲ್‌ಇಡಿ ಲೈಟು ಬಂದಿವೆ. ಅದರ ಅಂಚಿಗೆ ಬಳೆಯಂಥ ಒಂದು ಉಂಗುರ ಇರುತ್ತದೆ. ಸುಮ್ಮನೆ ಹೋಗುವಾಗ ಉಂಗುರ ಬೆಳ್ಳಗೆ ಉರಿಯುತ್ತದೆ, ಇಂಡಿಕೇಟರ್ ಹಾಕಿದರೆ ಆ ಕಡೆಯದು ಅರಿಶಿನ ಬಣ್ಣಕ್ಕೆ ತಿರುಗಿ ಮಿಣಮಿಣ ಅನ್ನುತ್ತದೆ. ಅದನ್ನೇ ತರಿಸಿ ಕೂರಿಸಿದೆ. ಸಾಹುಕಾರರು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, "ನಮ್ಮಪ್ಪ ಬಂದ್ರೂ ಗುರುತು ಹಿಡೀತಾನೆ" ಅಂದಾಗ ನನ್ನ ಅರ್ಧ ಭಾರ ಇಳಿಯಿತು.

ಇಂಡಿಕೇಟರ್ ಹಾಕಿ ನೋಡಿದಾಗ ಇಳಿದ ಅರ್ಧವೂ ವಾಪಸ್ ಬಂತು. ಉಂಗುರ ಮಿಣಮಿಣ ಅನ್ನುವುದು ಬಿಟ್ಟು ಪಟಪಟಪಟ ಅಂತ ಬಡಿದುಕೊಳ್ಳತೊಡಗಿತು. ಇಂಡಿಕೇಟರನ್ನು ಹತ್ತಿಸಿ ಆರಿಸುವ ಹಳೇ ಫ್ಲಾಷರಿಗೆ ಹೆಚ್ಚು ಕರೆಂಟು ಎಳೆಯುವ ಬಲ್ಬಿನ ರೂಢಿ. ಹೊಸ ಲೈಟು ಎಳೆಯುವುದು ತೀರಾ ಕಮ್ಮಿ, ಹಾಗಾಗಿ ಬಲ್ಬೇ ಸುಟ್ಟಿದೆ ಅಂತ ತಿಳಿದು ಅದು ಗಾಬರಿಯಾಗುತ್ತದೆ.

ಕಾರಿನೊಳಗೆ ಕೂತಿದ್ದ ಸಾಹುಕಾರರ ಹೆಂಡತಿ ಹೆದರಿ ಕೇಳಿದರು. "ಯಾಕಪ್ಪಾ, ಇದಕ್ಕೂ ಬಿಪಿ ಐತೇನು?"

"ಇರಲಿಲ್ಲ," ಅಂದರು ಸಾಹುಕಾರರು. "ಈಗ ನೀನು ಬಂದು ಕುಂತ ಮ್ಯಾಲೆ ಏರೈತೆ."

೩. ದಿಬ್ಬಣ

ಫ್ಲಾಷರ್ ಬದಲಾಯಿಸಿದೆ, ಬಿಪಿ ಇಳಿಯಿತು. ಉಂಗುರ ನಿಧಾನವಾಗಿ, ಗಂಭೀರವಾಗಿ ಹತ್ತಿ ಆರತೊಡಗಿತು. ನಾನು ಗೆದ್ದೆ ಅಂದುಕೊಂಡು ಕೈ ತೊಳೆದೆ.

ಮರುದಿನ ಸಾಹುಕಾರರು ಅಭ್ಯಾಸಕ್ಕೆ ಅಂತ ಹದಡಿಯಲ್ಲಿರುವ ತಮ್ಮ ಗದ್ದೆ ಕಡೆ ಹೊರಟರು. ಊರು ದಾಟುವ ಮುಂಚೆ ಒಂದು ಬಲತಿರುವು. ಶ್ರದ್ಧೆಯಿಂದ ಇಂಡಿಕೇಟರ್ ಹಾಕಿದರು, ತಿರುಗಿದರು, ಆರಿಸುವುದನ್ನು ಮರೆತರು. ತಿರುಗಿದ ಮೇಲೆ ಇಂಡಿಕೇಟರನ್ನು ತಾನಾಗಿ ಆರಿಸುವ ಕೊಕ್ಕೆ ಆ ಕಾರಿನಲ್ಲಿ ಎಂದೋ ಸವೆದುಹೋಗಿತ್ತು. ಹಳೇ ಫ್ಲಾಷರಾಗಿದ್ದರೆ ಟಿಕ್ ಟಿಕ್ ಅಂತ ನೆನಪು ಮಾಡುತ್ತಿತ್ತು. ಹೊಸದು ಸದ್ದೇ ಮಾಡುವುದಿಲ್ಲ.

ಹೀಗೆ ಬಲಕ್ಕೆ ಮಿನುಗಿಸುತ್ತಾ ಸಾಹುಕಾರರು ತಮ್ಮ ಗತ್ತಿನಲ್ಲಿ, ಅಂದರೆ ಸೈಕಲ್ಲಿಗಿಂತ ಒಂದು ಕೂದಲು ಜೋರಾಗಿ, ಹದಡಿ ರಸ್ತೆ ಹಿಡಿದರು. ಹಿಂದೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರು. "ಹಿರೀರು, ಈಗ ತಿರುಗ್ತಾರೆ" ಅಂತ ಅವನು ಮುಂದೆ ಹೋಗಲಿಲ್ಲ. ಟ್ರ್ಯಾಕ್ಟರಿನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಆಟೋಗಳು, ಅವುಗಳ ಹಿಂದೆ ಬೈಕುಗಳು. ಎದುರಿಂದ ಬರುವವರೂ ಉಂಗುರ ನೋಡಿ ಪಕ್ಕಕ್ಕೆ ನಿಂತು ದಾರಿ ಬಿಟ್ಟರು. ಸಾಹುಕಾರರು ಎಲ್ಲರಿಗೂ ನಗುತ್ತಾ ತಲೆಯಾಡಿಸಿದರು. ಹೊಸ ಲೈಟು ಹಾಕಿದ ಮೇಲೆ ಜನಕ್ಕೆ ತಮ್ಮ ಮೇಲೆ ಎಷ್ಟು ಗೌರವ ಬಂದಿದೆ ಅಂತ ಅವರಿಗೆ ಖುಷಿ.

ಹದಡಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರಂತೆ. ಒಬ್ಬರು ಕಾರಿನ ಹತ್ತಿರ ಬಂದು ಕೈ ಮುಗಿದು ಕೇಳಿದರಂತೆ. "ಬರ್ರಿ ಯಜಮಾನ್ರೆ. ದಿಬ್ಬಣ ಯಾರ ಮನೀಗೆ? ಹುಡುಗ ಟ್ರ್ಯಾಕ್ಟರಿನಾಗೆ ಅದಾನೋ, ಬಸ್ಸಿನಾಗೆ ಅದಾನೋ?"

೪. ಅಭಿಷೇಕ

ಈ ಸುದ್ದಿ ನನ್ನ ಅಂಗಡಿಗೂ ಬಂತು. ಮಗಳಿಗೆ ಗೊತ್ತಾಗುವ ಮುಂಚೆ, ಇಂಡಿಕೇಟರ್ ಹಾಕಿದಾಗ ಟುಂಯ್ ಟುಂಯ್ ಅನ್ನುವ ಒಂದು ಸಣ್ಣ ಬಜರ್ ಕೂರಿಸಿದೆ. ಆರಿಸುವ ತನಕ ಅದು ಪ್ರಾಣ ತಿನ್ನುತ್ತದೆ. ಸಾಹುಕಾರರು "ಮನ್ಯಾಗೊಂದು, ಗಾಡ್ಯಾಗೊಂದು" ಅಂದರು, ಹೆಂಡತಿ ಕೇಳಿಸಿದರೂ ಕೇಳಿಸದಂತೆ ಇದ್ದರು.

ಸೋಮವಾರ ಬೆಳಿಗ್ಗೆ ನಾನೂ ಅವರ ಮನೆಗೆ ಹೋದೆ. ದಾರಿಯಲ್ಲಿ ಏನಾದರೂ ಕೆಟ್ಟರೆ ಇರಲಿ ಅಂತ ಸಾಹುಕಾರರು ನನ್ನನ್ನೂ ಕರೆದಿದ್ದರು. ಮಗಳು ಹರಿಹರದಿಂದ ಆಗಲೇ ಬಂದು ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಎಲ್ಲಿ ಅಪ್ಪಾಜಿ, ಹಾಕ್ರಿ ಬಲಗಡೆದು."

"ಹಾಕೀನಿ!" ಒಳಗಿಂದ ಟುಂಯ್ ಟುಂಯ್.

"ಕಾಣ್ತಿಲ್ಲ."

"ಹಾಕೀನಿ ಅಂದ್ನಲ್ಲವ್ವಾ!"

"ನನಗೇನೂ ಕಾಣ್ತಿಲ್ಲ. ಎದುರಿಗೆ ಬರೋ ಬಸ್ಸಿನೋರಿಗೆ ಏನು ಕಂಡೀತು?"

ನಾನು ಓಡಿಹೋಗಿ ನೋಡಿದೆ. ಕಾರಿಗೆ ಹೊಸ ಕಣ್ಣು ಬಂದಿವೆ, ದೃಷ್ಟಿ ತಾಗಬಾರದು ಅಂತ ಸಾಹುಕಾರರ ಹೆಂಡತಿ ಬೆಳಗಿನ ಪೂಜೆಯ ಹೊತ್ತಿಗೆ ಎರಡೂ ಲೈಟಿಗೆ ವಿಭೂತಿ ಕಲಸಿ ಬಳಿದಿದ್ದರು. ಹಣೆಯಾದರೆ ಮೂರು ಬೆರಳು ಸಾಕು, ಇಷ್ಟು ದೊಡ್ಡ ಲೈಟಿಗೆ ಅಂಗೈಯನ್ನೇ ಬಳಸಿದ್ದರು. ಬಿಸಿಲಿಗೆ ಒಣಗಿ ಗೋಡೆಯ ಸುಣ್ಣದಂತೆ ಹಿಡಿದಿತ್ತು. ಉಂಗುರ ಒಳಗೆ ಪಾಪ ಉಸಿರುಕಟ್ಟಿ ಉರಿಯುತ್ತಿತ್ತು.

ನಾನು ಬಟ್ಟೆ ಕೈಗೆ ತೆಗೆದುಕೊಂಡೆ. ಅಮ್ಮ ಅಡ್ಡ ನಿಂತರು. "ಹಚ್ಚಿದ ವಿಭೂತಿ ಒರೆಸ್ತಾರೇನಪ್ಪಾ? ಅದೂ ಸೋಮವಾರ!"

ಮಗಳು ಗಡಿಯಾರ ನೋಡಿದರು. ಸಾಹುಕಾರರು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ಶಿವ ಶಿವಾ ಅಂದುಕೊಂಡೆ, ಶಿವನೇ ಬುದ್ಧಿ ಕೊಟ್ಟ.

"ಒರೆಸೋದು ಬ್ಯಾಡ್ರಿ ಅಮ್ಮಾರೆ. ಅಭಿಷೇಕ ಮಾಡಾನ."

ಅಮ್ಮನ ಮುಖ ಅರಳಿತು. ನಾನು ಒಂದು ಬಕೆಟ್ ನೀರು ನಿರೀಕ್ಷಿಸುತ್ತಿದ್ದೆ. ಅವರು ಒಳಗೆ ಹೋಗಿ ಹಾಲು, ಮೊಸರು, ತುಪ್ಪ, ಸಕ್ಕರೆ, ಜೇನುತುಪ್ಪ ಎಲ್ಲಾ ತಟ್ಟೆಯಲ್ಲಿಟ್ಟುಕೊಂಡು ಬಂದರು. ಹಾಲಿಗೆ ಒಪ್ಪಿದೆ. ಮೊಸರಿಗೂ ಒಪ್ಪಿದೆ. ಕೊನೆಗೆ ಕೈ ಮುಗಿದೆ.

"ಅಮ್ಮಾರೆ, ಜೇನುತುಪ್ಪ ಒಂದು ಬ್ಯಾಡ್ರಿ. ಹರಿಹರ ಮುಟ್ಟೋದ್ರಾಗೆ ಇಂಡಿಕೇಟರ್ ಕಾಣಲ್ಲ, ಇರುವೆ ಕಾಣ್ತಾವೆ."

೫. ಹರಿಹರದ ತಿರುವು

ನೀರು ಸುರಿದು ತೊಳೆದ ಮೇಲೆ ಉಂಗುರಗಳು ಫಳಫಳ ಹೊಳೆದವು. ಮಗಳ ಕಾರು ಮುಂದೆ, ನಮ್ಮದು ಹಿಂದೆ. ಸಾಹುಕಾರರ ಪಕ್ಕ ಅಮ್ಮ, ಹಿಂದೆ ನಾನು. ದಾವಣಗೆರೆ ದಾಟುವ ತನಕ ಕಾರಿನೊಳಗೆ ಟುಂಯ್ ಟುಂಯ್ ಬಿಟ್ಟರೆ ಬೇರೆ ಮಾತಿಲ್ಲ. ಸಾಹುಕಾರರು ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದರು. ಪರಿಚಯದವರು ಇಬ್ಬರು ಕೈಯೆತ್ತಿದರು, ಇವರು ಹುಬ್ಬು ಮಾತ್ರ ಕುಣಿಸಿದರು. ಮುಂದಿನ ಕಾರಿನ ಕನ್ನಡಿಯಲ್ಲಿ ಮಗಳ ಎರಡು ಕಣ್ಣು ನಮ್ಮನ್ನು ಬಿಡದೆ ನೋಡುತ್ತಿದ್ದವು.

ಪ್ರತಿ ತಿರುವೂ ಸರಿಯಾಯಿತು. ಹಾಕಿದರು, ತಿರುಗಿದರು, ಆರಿಸಿದರು. ಹರಿಹರ ಬಂತು. ಕೊನೆಯದು ಮಗಳ ಮನೆ ಬೀದಿಗೆ ಬಲತಿರುವು, ಅಲ್ಲಿ ಜನ, ಆಟೋ, ತಳ್ಳುಗಾಡಿ ಎಲ್ಲ ಒಟ್ಟಿಗೆ. ಸಾಹುಕಾರರು ಬಹಳ ಮುಂಚೆಯೇ ಇಂಡಿಕೇಟರ್ ಹಾಕಿದರು. ಎದುರಿಗೆ ಬರುತ್ತಿದ್ದ ಲಾರಿಯವನು ಉಂಗುರ ನೋಡಿ ನಿಂತ. ಮಗಳ ಕಾರು ತಿರುಗಿತು, ಅದರ ಹಿಂದೆ ನಾವೂ ಮದುಮಗಳ ಹಾಗೆ ತಿರುಗಿದೆವು. ಅಬ್ಬಾ ಅಂತ ನಾನು ಸೀಟಿಗೆ ಒರಗಿದೆ.

ಪೀ... ಅಂತ ಪೊಲೀಸಪ್ಪ ಸೀಟಿ ಊದಿದ.

ಎರಡೂ ಕಾರು ನಿಂತವು. ಸಾಹುಕಾರರ ಮುಖ ಬಿಳಿಚಿಕೊಂಡಿತು. "ಮುಗೀತು ತಮ್ಮಾ" ಅಂದರು. ಎಂಜಿನ್ ಆರಿಸಿ, ಕೀಲಿ ತೆಗೆದು, ಒಂದು ಸಲ ಅದನ್ನು ನೋಡಿದರು. ಅಮ್ಮ ಅವರ ತೋಳು ಹಿಡಿದರು. ಎಲ್ಲಿ ತಪ್ಪಿತು, ಯಾವ ವೈರು ಕೈಕೊಟ್ಟಿತು ಅಂತ ಎಷ್ಟು ಯೋಚಿಸಿದರೂ ನನಗೆ ಹೊಳೆಯಲಿಲ್ಲ.

ಪೊಲೀಸಪ್ಪ ಬಂದ. ನಮ್ಮ ಕಾರಿನ ಹತ್ತಿರ ಬಂದು, ಲೈಟನ್ನು ಬಗ್ಗಿ ನೋಡಿ, "ಭಾರಿ ಐತ್ರಿ ಅಜ್ಜಾರೆ" ಅಂದು, ಹಾಗೇ ದಾಟಿ ಮುಂದಿನ ಕಾರಿಗೆ ಹೋಗಿ ಕಿಟಕಿ ತಟ್ಟಿದ.

"ಮೇಡಂ, ತಿರುಗೋವಾಗ ಇಂಡಿಕೇಟರ್ ಎಲ್ರೀ?"

ಮಗಳು ಕಕ್ಕಾಬಿಕ್ಕಿಯಾದರು. ದಾವಣಗೆರೆಯಿಂದ ಇಲ್ಲಿ ತನಕ ಅವರ ಕಣ್ಣೆಲ್ಲ ಕನ್ನಡಿಯಲ್ಲೇ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಹಿಂದಿನ ಗಾಡಿಯೋರು ಹಾಕ್ಯಾರಲ್ರೀ!"

"ಅವರು ತಮಗೆ ಹಾಕ್ಕೊಂಡಾರ್ರಿ," ಅಂದ ಪೊಲೀಸಪ್ಪ. "ನಿಮಗೆ ಯಾರು ಹಾಕ್ಬೇಕು?"

ನಾನು ನಗು ತಡೆಯಲಾಗದೆ ಸೀಟಿನ ಹಿಂದೆ ಮುಖ ಮುಚ್ಚಿಕೊಂಡೆ. ಅಮ್ಮ ಸೆರಗು ಬಾಯಿಗೆ ತುಂಬಿಕೊಂಡರು. ಸಾಹುಕಾರರು ಮಾತ್ರ ನಗಲಿಲ್ಲ. ನಿಧಾನಕ್ಕೆ ಕಾರಿನಿಂದ ಇಳಿದು, ಪಂಚೆ ಸರಿ ಮಾಡಿಕೊಂಡು, ತಮ್ಮ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಮಗಳ ಕಿಟಕಿಯ ಹತ್ತಿರ ಹೋಗಿ ಅಂಗೈ ಚಾಚಿದರು.

"ಕೀಲಿ ಕೊಡವ್ವಾ."

ಮಗಳು ಅಪ್ಪನ ಮುಖ ನೋಡಿದರು, ಅಂಗೈ ನೋಡಿದರು. ನಗು ಬಂದು ಕಣ್ಣಲ್ಲಿ ನೀರಾಡಿತು. "ಅಪ್ಪಾಜಿ, ಸೋತೆ. ನಿಮ್ಮ ಕೀಲಿ ನಿಮ್ಮತ್ರಾನೇ ಇರ್ಲಿ, ಇನ್ನು ಆ ಮಾತು ಎತ್ತಂಗಿಲ್ಲ. ನಂದು ನಂಗೆ ಬಿಡ್ರಿ."

ಸಾಹುಕಾರರು ಅಂಗೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಮೊದ್ಲು ಊಟ ಹಾಕು," ಅಂದರು. "ಅಡಿಗಿ ನೋಡಿ ಹೇಳ್ತೀನಿ."